ವಯಸ್ಸು ಬರೆಸಿದ ದಿನ

ಚಳಿ ಹೋಯಿತೋ ಇಲ್ಲವೋ ಎಂಬ ಅನುಮಾನದಲ್ಲಿ ಜನ ಇನ್ನೂ ಸ್ವೆಟರ್ ಹಾಕಿಕೊಂಡೇ ಓಡಾಡುತ್ತಿದ್ದ ದಿನಗಳು. ಒಂದು ಸೋಮವಾರ, ಬೆಳಿಗ್ಗೆ ಹತ್ತೂವರೆಗೆ, ವಿಮೆ ಕಚೇರಿಯ ಮೂರನೇ ಕಿಟಕಿಯೊಳಗೆ ಕೂತಿದ್ದವನು ಅಕ್ಕನ ಅರ್ಜಿಯನ್ನು ಎರಡೇ ಬೆರಳಲ್ಲಿ ಹೊರಕ್ಕೆ ತಳ್ಳಿದ.

“ಅಜ್ಜಿ, ನಿಮಗಿನ್ನೂ ಅರವತ್ತಾರು. ಈ ಪುಕ್ಕಟೆ ಚಿಕಿತ್ಸೆ ಕಾರ್ಡು ಎಪ್ಪತ್ತು ತುಂಬಿದೋರಿಗೆ ಮಾತ್ರ. ನಾಲ್ಕು ವರ್ಷ ಬಿಟ್ಟು ಬನ್ನಿ.”

ಉತ್ತರ ಕೊಡುವಷ್ಟು ಉಸಿರು ಅಕ್ಕನಲ್ಲಿರಲಿಲ್ಲ. ಬಸ್ಸಿನಿಂದಿಳಿದು ಕಚೇರಿಯ ಹನ್ನೊಂದು ಮೆಟ್ಟಿಲು ಹತ್ತಿದ್ದಕ್ಕೇ ತುಟಿ ನೀಲಿಗಟ್ಟಿತ್ತು. ಕಿಟಕಿಯ ಕಟ್ಟೆಗೆ ಮೊಣಕೈ ಊರಿ, ಬಾಯಿ ತೆರೆದು, ಗಾಳಿ ಎಲ್ಲಿದೆಯೆಂದು ಹುಡುಕುವವಳ ಹಾಗೆ ನಿಂತಿದ್ದಳು. ಪಕ್ಕದಲ್ಲಿದ್ದ ತಂಗಿಯೇ ಬಾಯಿ ಹಾಕಬೇಕಾಯಿತು.

“ಅರವತ್ತಾರಲ್ಲಪ್ಪ, ಎಪ್ಪತ್ತೆರಡು. ನಾನು ಇವಳ ಬೆನ್ನಿಗೆ ಹುಟ್ಟಿದೋಳು. ನಂಗೇ ಅರವತ್ತೊಂಬತ್ತಾಯ್ತು.”

“ನಿಮ್ಮ ಕಾರ್ಡು ಇದೆಯಾ?”

ತಂಗಿ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಅವನು ಅದನ್ನು ಯಂತ್ರಕ್ಕೆ ತೋರಿಸಿ, ಪರದೆ ನೋಡಿದ. “ನಿಮಗೆ ಎಪ್ಪತ್ತೊಂದು ಅಂತಿದೆಯಲ್ಲ. ಅಂದ್ರೆ ನೀವು ಅಕ್ಕ, ಇವರು ತಂಗಿ.”

“ನಾನು ತಂಗಿ.”

“ಮನೇಲಿ ಇರಬಹುದು. ಇಲ್ಲಿ ಅಕ್ಕ.” ಅವನ ದನಿಯಲ್ಲಿ ಕೋಪವೇನೂ ಇರಲಿಲ್ಲ. ದಿನಕ್ಕೆ ಇನ್ನೂರು ಜನರಿಗೆ ಇಲ್ಲವೆನ್ನುವವನಿಗೆ ಕೋಪ ಮಾಡಿಕೊಳ್ಳಲು ಪುರುಸೊತ್ತಾದರೂ ಎಲ್ಲಿ? “ಅರವತ್ತಾರು ಅಂತ ಸರ್ಕಾರ ಊಹೆ ಮಾಡಿ ಬರ್ಕೊಂಡಿಲ್ಲ ಅಜ್ಜಿ. ನೋಡಿ, ನೌಕರಿ ಪುಸ್ತಕದ ನಕಲು. ಇವರೇ ಹೇಳಿ ಬರೆಸಿದ್ದು. ಕೆಳಗೆ ಇವರದೇ ಹೆಬ್ಬೆಟ್ಟು.”

ಸಾಲಿನಲ್ಲಿ ಹಿಂದೆ ನಿಂತಿದ್ದ ಮುದುಕನೊಬ್ಬ, “ವಯಸ್ಸು ಕಮ್ಮಿ ಅಂತ ಜಗಳ ಆಡೋ ಹೆಂಗಸನ್ನ ಇವತ್ತೇ ನೋಡಿದ್ದು,” ಎಂದ. ಸಾಲು ನಕ್ಕಿತು. ಅಕ್ಕನಿಗೂ ನಗು ಬಂತು, ಆದರೆ ಅದು ಅರ್ಧದಲ್ಲೇ ಕೆಮ್ಮಾಯಿತು. ತಂಗಿ ಅವಳ ರಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿಸಿದಳು. ಹತ್ತುವಾಗ ಎರಡು ಕಡೆ ಕೂತಿದ್ದರು. ಇಳಿಯುವಾಗ ಮೂರು ಕಡೆ ಕೂತರು.

ಇಬ್ಬರೂ ಊರಿನ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವರು. ಆಸ್ಪತ್ರೆಯ ಹಿಂಬದಿಯಲ್ಲಿ, ಬಾಯ್ಲರ್ ಕೋಣೆಗೆ ಅಂಟಿಕೊಂಡು ಒಂದು ಉದ್ದನೆಯ ಷೆಡ್ಡು. ರಕ್ತವಾದ ಬಟ್ಟೆಗೊಂದು ತೊಟ್ಟಿ, ಉಳಿದದ್ದಕ್ಕೊಂದು ತೊಟ್ಟಿ, ನಡುವೆ ಆನೆ ಮಲಗಿದ ಹಾಗೆ ಎರಡು ಯಂತ್ರ, ಆಚೆ ಕೊನೆಯಲ್ಲಿ ಮಡಿಸುವ ಮೇಜು. ಬೆಡ್‌ಶೀಟು ಮಡಿಸುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಆ ತುದಿಗೊಬ್ಬಳು, ಈ ತುದಿಗೊಬ್ಬಳು ನಿಂತು, ಒಮ್ಮೆ ಜಾಡಿಸಿ, ಅಂಚಿಗೆ ಅಂಚು ಕೂಡಿಸಿ, ಎಳೆದು ಬಿಗಿ ಮಾಡಿ, ಆಮೇಲೆ ಒಬ್ಬಳು ನಡೆದು ಬಂದು ತನ್ನ ಮೂಲೆಗಳನ್ನು ಇನ್ನೊಬ್ಬಳ ಕೈಗೆ ಕೊಡಬೇಕು. ದಿನಕ್ಕೆ ನಾನೂರು ಸಲ. ನಡೆದು ಬರುವವಳು ಯಾವಾಗಲೂ ಅಕ್ಕ. ನಿಂತು ಹಿಡಿಯುವವಳು ತಂಗಿ. ಒದ್ದೆ ನೆಲದಲ್ಲಿ ನಿಂತು ನಿಂತು ತಂಗಿಯ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಅಕ್ಕ ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ತಾನೇ ನಡೆಯುತ್ತಿದ್ದಳು, ಅಷ್ಟೆ.

ವಯಸ್ಸು ಅದಲುಬದಲಾದದ್ದು ಆ ಮಡಿಸುವ ಮೇಜಿನ ಮೇಲೆಯೇ, ಈಗ್ಗೆ ಇಪ್ಪತ್ತು ವರ್ಷದ ಹಿಂದೆ. ಒಂದು ದಿನ ಬಾಯ್ಲರಿನ ಕೊಳವೆ ಒಡೆದು, ಪಕ್ಕದ ಉಗ್ರಾಣದಲ್ಲಿದ್ದ ನೌಕರಿ ಪುಸ್ತಕಗಳೆಲ್ಲ ಕುದಿನೀರಿನಲ್ಲಿ ನೆನೆದು ಮುದ್ದೆಯಾದವು. ವಾರ ಕಳೆದ ಮೇಲೆ ಗುಮಾಸ್ತ ಹೊಸ ಪುಸ್ತಕ, ಶಾಯಿ ಪ್ಯಾಡು ತಂದು ಮೇಜಿನ ಹತ್ತಿರ ಕೂತ. “ಒಬ್ಬೊಬ್ಬರಾಗಿ ಬಂದು ಹೆಸರು, ವಯಸ್ಸು ಹೇಳಿ,” ಎಂದ. ಮನೆಯಲ್ಲೇ ಹುಟ್ಟಿದವರು ಅವರೆಲ್ಲ. ಹುಟ್ಟಿದ್ದಕ್ಕೆ ಕಾಗದ ಯಾರ ಹತ್ತಿರವೂ ಇರಲಿಲ್ಲ. ಯಾರ ಬಾಯಿಂದ ಏನು ಬಂತೋ ಅದೇ ವಯಸ್ಸು. ಇದು ಗೊತ್ತಾದದ್ದೇ ತಡ, ಷೆಡ್ಡಿನಲ್ಲಿ ಎಲ್ಲಿಲ್ಲದ ಗದ್ದಲ. ಇಸ್ತ್ರಿಯ ಮುದುಕಿಯೊಬ್ಬಳು, ಬಾಯಲ್ಲಿ ನಾಲ್ಕೇ ಹಲ್ಲು, “ನಂಗೆ ಮೂವತ್ತು ಬರೀರಿ ಸಾರ್, ಇನ್ನೂ ಗಂಡು ನೋಡ್ತಿದಾರೆ,” ಎಂದಳು. ಗುಮಾಸ್ತ ಪೆನ್ನು ಕೆಳಗಿಟ್ಟು ನಕ್ಕ. ಒಂದೇ ಒಂದು ದಿನ ಆ ಷೆಡ್ಡಿನಲ್ಲಿ ಎಲ್ಲರೂ ತಮಗೆ ಬೇಕಾದಷ್ಟು ವಯಸ್ಸಿನವರಾಗಿದ್ದರು.

ಅಕ್ಕನಿಗಾಗ ಐವತ್ತೆರಡು. ಬಣ್ಣ ಬಳಿಯುವ ಕೆಲಸದ ಅವಳ ಗಂಡ ಮೂರನೇ ಮಹಡಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಲಾಂಡ್ರಿಯಲ್ಲಿ ಹೆಸರಿರುವ ತನಕ ಮನೆಯವರಿಗೂ ಆಸ್ಪತ್ರೆಯ ಔಷಧಿ ಪುಕ್ಕಟೆ. ಐವತ್ತೆಂಟಕ್ಕೆ ನಿವೃತ್ತಿಯಾದರೆ ಅದೂ ನಿಲ್ಲುತ್ತದೆ. ಅವಳು “ನಲವತ್ತಾರು” ಎಂದಳು. ತಂಗಿಗೆ ನಲವತ್ತೊಂಬತ್ತು. ಈ ಕಾಲಿಟ್ಟುಕೊಂಡು ಇನ್ನೆಷ್ಟು ದಿನ ನಿಲ್ಲಲಿ ಎಂದು ಅವಳಿಗೆ ಸಾಕಾಗಿ ಹೋಗಿತ್ತು. “ಐವತ್ತೊಂದು” ಎಂದಳು. ಗುಮಾಸ್ತ ಒಂದು ಗಳಿಗೆ ಇಬ್ಬರ ಮುಖ ನೋಡಿ, ತಲೆ ತಗ್ಗಿಸಿ ಬರೆದ. ಅಂದಿನಿಂದ ಲಾಂಡ್ರಿಯವರು ತಂಗಿಯನ್ನು “ಕಾಗದದಕ್ಕ” ಎಂದು ಕರೆದರು. ಅಕ್ಕನ ಗಂಡ ಎರಡೇ ವರ್ಷಕ್ಕೆ ತೀರಿಕೊಂಡ. ಅವಳು ಕಳೆದುಕೊಂಡ ಆರು ವರ್ಷದಲ್ಲಿ ಒಂದು ದಿನವೂ ಅವನಿಗೆ ಬೇಕಾಗಲಿಲ್ಲ.

ಈಗ ಇಬ್ಬರೂ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿದ್ದರು. ಜೊತೆಗೆ ತಂಗಿಯ ಮಗಳು. ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಅವಳದು. ಹೊಲಿಗೆ ಯಂತ್ರ ಬಾಗಿಲ ಬಳಿ, ಬೆಳಕಿಗೆ. ಗಂಡನನ್ನು ಬಿಟ್ಟು ಬಂದವಳು, ಮಾತು ಸ್ವಲ್ಪ ಚುರುಕು. ಆಸ್ಪತ್ರೆಯಲ್ಲಿ ಡಾಕ್ಟರು ಅಕ್ಕನ ಎದೆ ಪರೀಕ್ಷೆ ಮಾಡಿ ಹೇಳಿದ್ದನ್ನು ಅವಳೇ ಮನೆಯಲ್ಲಿ ಬಿಡಿಸಿ ಹೇಳಿದಳು: ಹೃದಯದ ಒಂದು ಬಾಗಿಲು ಬಿಗಿದುಕೊಂಡಿದೆ, ಸರಿಯಾಗಿ ತೆರೆಯುತ್ತಿಲ್ಲ, ಆಪರೇಷನ್ ಮಾಡಿ ಬದಲಾಯಿಸಿದರೆ ಉಂಟು, ಇಲ್ಲದಿದ್ದರೆ ಮಳೆಗಾಲ ನೋಡುವುದು ಕಷ್ಟ. ಕಾರ್ಡಿದ್ದರೆ ಎಲ್ಲವೂ ಪುಕ್ಕಟೆ. ಕಾರ್ಡಿಲ್ಲದಿದ್ದರೆ, ಈ ಎರಡು ಕೋಣೆಯೊಳಗಿನ ಸಾಮಾನನ್ನೆಲ್ಲ, ಹೊಲಿಗೆ ಯಂತ್ರವನ್ನೂ ಸೇರಿಸಿ ಮಾರಿದರೂ ಆ ಬಾಗಿಲಿನ ತಿರುಗುಮೊಳೆಗೂ ಸಾಲದು.

“ಆ ಗುಮಾಸ್ತ ಇದಾನಲ್ಲ, ಅವನೇ ಬರ್ಕೊಡ್ಲಿ,” ಎಂದಳು ತಂಗಿ.

ಗುಮಾಸ್ತ ಇದ್ದ. ಮಗನ ಮನೆಯ ಹಿಂದಿನ ಕೋಣೆಯಲ್ಲಿ, ಹಲ್ಲಿನ ಸೆಟ್ಟನ್ನು ಲೋಟದಲ್ಲಿಟ್ಟುಕೊಂಡು ಟೀವಿ ನೋಡುತ್ತಿದ್ದ. ತಂಗಿಯನ್ನು ಕಂಡ ಕೂಡಲೇ ಗುರುತು ಹಿಡಿದು, ಹಲ್ಲು ಹಾಕಿಕೊಂಡು, “ಬಾಮ್ಮ ಕಾಗದದಕ್ಕ,” ಎಂದು ನಕ್ಕ. ಬಂದ ವಿಷಯ ಕೇಳಿದ ಮೇಲೆ ನಗು ಹೋಯಿತು.

“ನೆನಪಿದೆ. ಬರೆದ ಕೈ ನನ್ನದೇ. ಆದ್ರೆ ಹೇಳಿದ ಬಾಯಿ ನಿಮ್ಮದಲ್ವಾ?”

“ಸುಳ್ಳು ಅಂತ ನಿಮಗೂ ಗೊತ್ತಿತ್ತಲ್ಲ ಸಾರ್.”

“ಗೊತ್ತಿತ್ತಮ್ಮ. ಅದನ್ನೇ ಈಗ ಕಾಗದದಲ್ಲಿ ಬರ್ಕೊಟ್ರೆ, ಗೊತ್ತಿದ್ದೂ ಯಾಕೆ ಬರೆದೆ ಅಂತ ನನ್ನ ಪೆನ್ಶನ್ ಹಿಡೀತಾರೆ. ಅಲ್ಲಿ ಐವತ್ತೆರಡು ಜನ ಇದ್ರು. ಐವತ್ತೆರಡು ಜನಾನೂ ಎದ್ದು ಬರ್ತಾರೆ.” ಅವನು ಟೀವಿಯ ಸದ್ದು ಕಡಿಮೆ ಮಾಡಿದ. ಆಮೇಲೆ ಮತ್ತೆ ಜಾಸ್ತಿ ಮಾಡಿದ. ಸೊಸೆ ಚಹಾ ತಂದುಕೊಟ್ಟಳು. ತಂಗಿ ಕುಡಿದು ಬಂದಳು.

ಆ ಸಂಜೆ ಅವಳು ತನ್ನ ಕಾರ್ಡನ್ನು ತಂದು ಅಕ್ಕನ ಮಾತ್ರೆ ಡಬ್ಬಿಯ ಮೇಲಿಟ್ಟಳು.

“ಇದೇನೇ?”

“ಇದನ್ನ ತಗೊಂಡು ಹೋಗಿ ಆಸ್ಪತ್ರೆಗೆ ಸೇರ್ಕೋ.”

“ಅದು ನಿನ್ನದು ಕಣೇ.”

“ಫೋಟೋ ನೋಡು. ಅದರಲ್ಲಿರೋದು ನಾನು ಅಂತ ನಂಗೇ ನಂಬಿಕೆ ಇಲ್ಲ. ಬಾವಿಗೆ ಬಿದ್ದೋಳನ್ನ ಮೇಲೆತ್ತಿದ ಹಾಗಿದೆ. ನೀನಾದ್ರೂ ಆಗಬಹುದು, ಮೂರನೇ ಮನೆ ಮುದುಕಿಯಾದ್ರೂ ಆಗಬಹುದು.”

“ನಿನ್ನ ಕಾಲು?”

ತಂಗಿಯ ಎಡಗಾಲಿನ ಮೀನಖಂಡದ ಕೆಳಗೆ ನರ ಒಡೆದು ಒಂದು ಹುಣ್ಣಾಗಿತ್ತು. ಆ ಕಾರ್ಡಿನ ಮೇಲೆ ವಾರಕ್ಕೊಮ್ಮೆ ಡ್ರೆಸ್ಸಿಂಗು, ಆರು ತಿಂಗಳಿಗೊಮ್ಮೆ ಬಿಗಿ ಕಾಲುಚೀಲ. “ಕಾಲು ಎಲ್ಲಿಗೆ ಹೋಗುತ್ತೆ? ಇಲ್ಲೇ ಇರುತ್ತೆ,” ಎಂದಳು.

ಮಗಳು ಯಂತ್ರ ತುಳಿಯುವುದನ್ನು ನಿಲ್ಲಿಸಿದಳು. “ಅಮ್ಮಾ, ಸಿಕ್ಕಿಬಿದ್ರೆ ಮೂರು ಜನಾನೂ ಒಳಗೆ ಹಾಕ್ತಾರೆ.”

“ಹಾಕ್ಲಿ ಬಿಡು. ಅಲ್ಲಿ ಡಾಕ್ಟರು ವಾರಕ್ಕೊಂದ್ಸಲ ತಾನೇ ಬಂದು ನೋಡ್ತಾನಂತೆ. ಕಾರ್ಡೂ ಕೇಳಲ್ಲ.”

ಅಕ್ಕ ಒಪ್ಪಲಿಲ್ಲ. ಹನ್ನೊಂದು ದಿನ ಕಾರ್ಡು ಡಬ್ಬಿಯ ಮೇಲೆಯೇ ಇತ್ತು; ಅವಳು ಅದನ್ನೆತ್ತಿ ಪಕ್ಕಕ್ಕಿಟ್ಟು ಮಾತ್ರೆ ತೆಗೆದುಕೊಂಡು, ಮತ್ತೆ ಅದನ್ನು ಅಲ್ಲೇ ಇಡುತ್ತಿದ್ದಳು. ಹನ್ನೆರಡನೆಯ ದಿನ ಬೆಳಿಗ್ಗೆ ಬಚ್ಚಲಿನಿಂದ ಹಾಸಿಗೆಗೆ ಬರುವ ಆರು ಹೆಜ್ಜೆಯಲ್ಲಿ ನಾಲ್ಕು ಹೆಜ್ಜೆ ಇಟ್ಟು, ಐದನೆಯದಕ್ಕೆ ಗೋಡೆ ಹಿಡಿದು ಹಾಗೇ ಜಾರಿ ಕೂತಳು. ಸುಧಾರಿಸಿಕೊಳ್ಳಲು ಅರ್ಧ ಗಂಟೆ ಬೇಕಾಯಿತು. ಆಮೇಲೆ ಯಾರ ಮುಖವನ್ನೂ ನೋಡದೆ, “ಎಲ್ಲೇ ಅದು?” ಎಂದಳು.

ಹೆಸರಿಗೆ ಓಗೊಡುವುದನ್ನು ಎರಡು ದಿನ ಅಭ್ಯಾಸ ಮಾಡಿಸಿದರು. ಮಗಳು ಹೊಲಿಯುತ್ತ ಹೊಲಿಯುತ್ತ ಇದ್ದಕ್ಕಿದ್ದಂತೆ ತಾಯಿಯ ಹೆಸರು ಕೂಗುವುದು. ದೊಡ್ಡಮ್ಮ “ಹ್ಞಾಂ” ಎನ್ನಬೇಕು. ಪ್ರತಿ ಸಲವೂ “ಹ್ಞಾಂ” ಬರುತ್ತಿದ್ದದ್ದು ಅಡುಗೆಮನೆಯಿಂದ.

“ಅಮ್ಮಾ, ನೀನು ಸುಮ್ನಿರು!”

“ಹುಟ್ಟಿದಾಗಿನಿಂದ ಅಭ್ಯಾಸ ಕಣೇ, ಏನ್ ಮಾಡ್ಲಿ?”

“ಮತ್ತೆ ಆಸ್ಪತ್ರೇಲಿ ನಿನ್ನನ್ನ ಏನಂತ ಕರೀಲಿ ನಾನು?”

ಮೂವರೂ ಕೂತು ಲೆಕ್ಕ ಹಾಕಿದರು. ಕಾರ್ಡಿನ ಪ್ರಕಾರ ಹಾಸಿಗೆಯಲ್ಲಿರುವವಳಿಗೆ ಎಪ್ಪತ್ತೊಂದು, ಅವಳು ಇವಳ ತಾಯಿ. ಜೊತೆಯಲ್ಲಿರುವವಳಿಗೆ ಅಕ್ಕನ ಗುರುತಿನ ಚೀಟಿ, ಅರವತ್ತಾರು. ಅಂದರೆ ಅವಳು ತಾಯಿಯ ತಂಗಿ. “ಹಾಗಾದ್ರೆ ನೀನು ಚಿಕ್ಕಮ್ಮ,” ಎಂದಳು ಮಗಳು. ಇಪ್ಪತ್ತು ವರ್ಷದ ಮೇಲೆ ಕಾಗದದಲ್ಲಿಯೂ ಅಕ್ಕ ಅಕ್ಕನಾದಳು, ತಂಗಿ ತಂಗಿಯಾದಳು. ಹೆಸರು ಮಾತ್ರ ಅದಲುಬದಲು.

ಸೇರಿಸಿಕೊಳ್ಳುವ ಕೌಂಟರಿನಲ್ಲಿ ಯಾರೂ ಫೋಟೋ ನೋಡಲಿಲ್ಲ. ನಾಲ್ಕನೇ ವಾರ್ಡಿನಲ್ಲಿ, ಕಿಟಕಿಯ ಪಕ್ಕದ ಹಾಸಿಗೆ ಸಿಕ್ಕಿತು. ಅಕ್ಕ ಮಲಗಿದವಳೇ ಮಾಡಿದ ಮೊದಲ ಕೆಲಸವೆಂದರೆ ಬೆಡ್‌ಶೀಟಿನ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ್ದು.

“ನೋಡೇ, ಕಲೆ ಹಾಗೇ ಇದೆ. ಸೋಡಾ ಹಾಕಿ ನೆನೆಸಿಲ್ಲ. ನಮ್ಮ ಕೈಗೆ ಸಿಕ್ಕಿದ್ರೆ…”

“ನಮ್ಮ ಲಾಂಡ್ರಿ ಈಗ ಗಾಡಿ ನಿಲ್ಸೋ ಜಾಗ ಆಗಿದೆ ಅಕ್ಕ. ಲಾರಿ ಬಂದು ಬಟ್ಟೆ ಎಲ್ಲಿಗೋ ತಗೊಂಡು ಹೋಗುತ್ತಂತೆ.”

“ಅದಕ್ಕೇ ಮತ್ತೆ,” ಎಂದಳು ಅಕ್ಕ. ಅವಳಿಗೆ ಒಂಥರಾ ಸಮಾಧಾನವಾದ ಹಾಗಿತ್ತು.

ಎರಡನೆಯ ದಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹಳೆಯ ಫೈಲು ಹಿಡಿದುಕೊಂಡು ಬಂದಳು. ಕಾರ್ಡಿನ ಜೊತೆ ಬಂದ ಫೈಲು, ತಂಗಿಯದು. ಪುಟ ಮಗುಚುತ್ತ, “ಎಡಗಾಲಲ್ಲಿ ಹುಣ್ಣು ಇದೆಯಲ್ಲ, ಆಪರೇಷನ್‌ಗೆ ಮುಂಚೆ ಅದನ್ನ ನೋಡಬೇಕು,” ಎಂದು ಹೊದಿಕೆ ಸರಿಸಿದಳು. ಅಕ್ಕನ ಕಾಲು ಒಣ ಕಡ್ಡಿಯ ಹಾಗೆ ನುಣ್ಣಗಿತ್ತು. ಗುರುತಿಗೆ ಒಂದು ಕಲೆಯೂ ಇಲ್ಲ. ಸ್ಟೂಲಿನ ಮೇಲಿದ್ದ ತಂಗಿ ತನ್ನ ಕಾಲನ್ನು ಮೆಲ್ಲನೆ ಸೀರೆಯೊಳಗೆ ಎಳೆದುಕೊಂಡಳು.

“ವಾಸಿಯಾಗಿದೆ!” ಎಂದಳು ಡಾಕ್ಟರಮ್ಮ, ಹುಬ್ಬೇರಿಸಿ. “ಇಷ್ಟು ಚೆನ್ನಾಗಿ ವಾಸಿಯಾಗಿದ್ದನ್ನ ನಾನು ನೋಡೇ ಇಲ್ಲ.”

“ನಿಮ್ಮ ಆಸ್ಪತ್ರೆ ಔಷಧಿ ತಾಯಿ,” ಎಂದಳು ಅಕ್ಕ. ಡಾಕ್ಟರಮ್ಮ ಸಂತೋಷಪಟ್ಟು ಬರೆದುಕೊಂಡಳು. ಅವಳು ವಾರ್ಡಿನ ಬಾಗಿಲು ದಾಟುವ ತನಕ ಇಬ್ಬರೂ ಉಸಿರು ಬಿಗಿಹಿಡಿದಿದ್ದು, ಆಮೇಲೆ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು. ಅಕ್ಕ ನಗುವಾಗ ಮೂಗಿನ ಆಮ್ಲಜನಕದ ಕೊಳವೆ ಜಾರಿ ಬಿತ್ತು. ಪಕ್ಕದ ಹಾಸಿಗೆಯವಳು ಎದ್ದು ಕೂತು, “ಏನಮ್ಮ, ಇಲ್ಲಿಗೆ ಬಂದು ನಗ್ತೀರಲ್ಲ,” ಎಂದಳು.

ಸಿಕ್ಕಿಬಿದ್ದದ್ದು ಮೂರನೆಯ ದಿನ. ಆ ವಾರ್ಡಿನ ದೊಡ್ಡ ಸಿಸ್ಟರ್ ರಜೆ ಮುಗಿಸಿ ಬಂದಳು. ನಿವೃತ್ತಿಗೆ ಹತ್ತಿರವಾದ ಹೆಂಗಸು. ಹಿಂದೆ ಬೆಡ್‌ಶೀಟು ತಡವಾಯಿತೆಂದು ಲಾಂಡ್ರಿಯ ಬಾಗಿಲಿಗೇ ಬಂದು ಅಕ್ಕನ ಜೊತೆ ಜಗಳವಾಡಿದವಳು. ಅವಳು ಬಾಗಿಲಲ್ಲಿ ನಿಂತು ಹಾಸಿಗೆಯ ಪಟ್ಟಿ ನೋಡಿಕೊಂಡು ತಂಗಿಯ ಹೆಸರನ್ನು ಕೂಗಿದಳು.

“ಹ್ಞಾಂ,” ಎಂದಳು ತಂಗಿ, ಸ್ಟೂಲಿನಿಂದ.

ವಾರ್ಡು ಇದ್ದ ಹಾಗೇ ಇತ್ತು. ಯಾರೋ ಕೆಮ್ಮಿದರು, ಯಾರೋ ನೀರು ಕೇಳಿದರು. ದೊಡ್ಡ ಸಿಸ್ಟರ್ ಹತ್ತಿರ ಬಂದು ಸ್ಟೂಲಿನ ಮೇಲಿದ್ದವಳನ್ನು ನೋಡಿದಳು, ಹಾಸಿಗೆಯ ಮೇಲಿದ್ದವಳನ್ನು ನೋಡಿದಳು, ಮಂಚದ ಕಾಲ ಬಳಿ ತೂಗುಹಾಕಿದ್ದ ಹೆಸರಿನ ರಟ್ಟನ್ನು ನೋಡಿದಳು.

“ಲಾಂಡ್ರಿಯೋರಲ್ವಾ ನೀವು?”

ಅಕ್ಕ ಕಣ್ಣು ಮುಚ್ಚಿಕೊಂಡಳು. ದೊಡ್ಡ ಸಿಸ್ಟರ್ ರಟ್ಟನ್ನು ಕೈಗೆ ತೆಗೆದುಕೊಂಡು, ಅದರ ಮೇಲೆ ಏನೋ ಬರೆಯುವವಳ ಹಾಗೆ ಸ್ವಲ್ಪ ಹೊತ್ತು ನಿಂತು, ಏನನ್ನೂ ಬರೆಯದೆ ಮತ್ತೆ ತೂಗುಹಾಕಿದಳು. “ನಾನು ಕೂಗಿದ್ದು ಹಾಸಿಗೇಲಿರೋರನ್ನ,” ಎಂದಳು ತಂಗಿಗೆ. “ಇನ್ಮೇಲೆ ಅವರೇ ಓಗೊಡ್ಲಿ.” ಅವತ್ತು ಮಧ್ಯಾಹ್ನ ಕಲೆಯಿಲ್ಲದ ಒಂದು ಬೆಡ್‌ಶೀಟು ಆ ಹಾಸಿಗೆಗೆ ಬಂತು.

ಆಪರೇಷನ್ ಮೊದಲು ಸೋಮವಾರ ಎಂದರು. ಭಾನುವಾರದ ಸಂಜೆ ಊಟ ಬಿಡಿಸಿ, ಸೋಮವಾರ ಬೆಳಿಗ್ಗೆ ಹಸಿರು ಅಂಗಿ ತೊಡಿಸಿ ಕೂರಿಸಿ, ಮಧ್ಯಾಹ್ನ ಹನ್ನೆರಡಕ್ಕೆ ಇವತ್ತಿಲ್ಲ ಎಂದರು. ಯಾವುದೋ ಯಂತ್ರ ಕೆಟ್ಟಿತ್ತು. ಆಮೇಲೆ ಶುಕ್ರವಾರ ಎಂದರು. ಶುಕ್ರವಾರ ಮತ್ತೆ ಹಸಿರು ಅಂಗಿ. ಅವತ್ತು ರಸ್ತೆಯಲ್ಲಿ ಬಸ್ಸು ಮಗುಚಿ, ಗಾಯಾಳುಗಳನ್ನು ಸಾಲಾಗಿ ತಂದು ಮಲಗಿಸಿದ್ದರು. “ಗುರುವಾರ ಖಂಡಿತ,” ಎಂದಳು ಡಾಕ್ಟರಮ್ಮ. “ಮೊದಲನೇ ನಂಬರೇ ನಿಮ್ಮದು.”

ಈ ನಡುವೆ ತಂಗಿಯ ಹುಣ್ಣು ನೀರಾಡತೊಡಗಿತ್ತು. ಅದೇ ಕಟ್ಟಡದ ಕೆಳಮಹಡಿಯಲ್ಲಿ ಡ್ರೆಸ್ಸಿಂಗ್ ಕೋಣೆ; ಮೆಟ್ಟಿಲಿಳಿದರೆ ಇಪ್ಪತ್ತು ಹೆಜ್ಜೆ. ಆದರೆ ಕಾಗದದ ಪ್ರಕಾರ ಅವಳೀಗ ಮೇಲಿನ ಮಹಡಿಯಲ್ಲಿ ಹೃದಯದ ಕಾಯಿಲೆಯಾಗಿ ಮಲಗಿದ್ದಳಲ್ಲ. ಸಂಜೆ ಮಗಳು ಬಿಸಿನೀರಿನ ಫ್ಲಾಸ್ಕು, ಹೊಲಿದುಳಿದ ಬಿಳಿ ಬಟ್ಟೆಯ ಚೂರು ತರುತ್ತಿದ್ದಳು. ಶೌಚಾಲಯದ ಪಕ್ಕದ ಕಟ್ಟೆಯ ಮೇಲೆ ಕೂತು ಇಬ್ಬರೂ ಹುಣ್ಣು ತೊಳೆದು ಕಟ್ಟುತ್ತಿದ್ದರು.

ಮಂಗಳವಾರ ಸಂಜೆ, ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ಹಾಸಿಗೆಯ ಮೇಲೆ ಹಾಕಿದ್ದಾಗ, ಅಕ್ಕ ಕೇಳಿದಳು:

“ನಾನು ಹೋಗ್ಬಿಟ್ರೆ ಅವರು ಯಾರು ಹೋದ್ರು ಅಂತ ಬರೀತಾರೆ?”

“ಸುಮ್ನಿರು ಅಕ್ಕ.”

“ನಿನ್ನ ಹೆಸರು ಬರೀತಾರೆ ಕಣೇ. ನಾನು ಯೋಚನೆ ಮಾಡಿದೀನಿ.” ಎರಡೆರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. “ಆಗ ನೀನು ನಾನಾಗಿರಬೇಕಾಗುತ್ತೆ. ನನ್ನ ಹಾಗೆ ಗೊಣಗೋಕೆ ಬರುತ್ತಾ ನಿಂಗೆ?”

“ಅರವತ್ತೊಂಬತ್ತು ವರ್ಷ ಕೇಳಿದೀನಿ. ಬಾಯಿಪಾಠ ಆಗಿದೆ.”

ಅಕ್ಕ ನಕ್ಕಳು. ನಗು ಹೊರಗೆ ಬರಲಿಲ್ಲ, ಹೆಗಲು ಮಾತ್ರ ಅಲುಗಿತು. ಸ್ವಲ್ಪ ಹೊತ್ತಿನ ಮೇಲೆ, “ಅವತ್ತು ಗುಮಾಸ್ತನ ಮುಂದೆ ನಾನು ನಿಜ ಹೇಳ್ಬೇಕಾಗಿತ್ತು,” ಎಂದಳು.

“ಭಾವನಿಗೆ ಔಷಧಿ ಬೇಕಾಗಿತ್ತಲ್ಲ.”

“ಎರಡು ವರ್ಷ ಬದುಕಿದೋನಿಗೆ ಆರು ವರ್ಷ ಕೊಟ್ಟೆ. ಎರಡೇ ಸಾಕು ಅಂತ ಯಾರಾದ್ರೂ ಹೇಳಿದ್ರೆ ಎರಡೇ ಕಳೀತಿದ್ದೆ.”

ತಂಗಿ ಮನಸ್ಸಿನಲ್ಲೇ ಕೂಡಿಸಿ ನೋಡಿದಳು. ಎರಡೇ ಕಳೆದಿದ್ದರೆ ಇವತ್ತಿಗೆ ಕಾಗದದ ಮೇಲೂ ಎಪ್ಪತ್ತು. ಅಕ್ಕನ ಪಾದದ ಮೇಲೆ ಹೊದಿಕೆ ಎಳೆದಳು.

ಬುಧವಾರ ಬೆಳಿಗ್ಗೆ ಅಕ್ಕ ಹಾಲಿನಲ್ಲಿ ಅದ್ದಿದ ಬ್ರೆಡ್ಡು ಎರಡು ತುತ್ತು ತಿಂದಳು. ಬಾಯಿ ಒರೆಸಲು ತಂಗಿ ಬಟ್ಟೆ ಒದ್ದೆ ಮಾಡಿಕೊಂಡು ಬರುವಷ್ಟರಲ್ಲಿ, ಅವಳ ತಲೆ ಕಿಟಕಿಯ ಕಡೆಗೆ ವಾಲಿತ್ತು. ತಂಗಿ ಕರೆದಳು. ಮೊದಲು “ಅಕ್ಕಾ” ಎಂದು ಕರೆದಳು, ಆಮೇಲೆ ಯಾರಾದರೂ ಬರಲೆಂದು ಜೋರಾಗಿ ಕರೆದಳು. ಡಾಕ್ಟರಮ್ಮ ಓಡಿ ಬಂದಳು, ಇಬ್ಬರು ಹುಡುಗಿಯರು ಯಂತ್ರ ತಳ್ಳಿಕೊಂಡು ಬಂದರು, ಹಾಸಿಗೆಯ ಸುತ್ತ ಪರದೆ ಎಳೆದರು. ಪರದೆಯ ಕೆಳಗೆ ಅವರ ಚಪ್ಪಲಿಗಳು ಅತ್ತಿತ್ತ ಹೋಗುವುದು ಕಾಣುತ್ತಿತ್ತು. ಆಮೇಲೆ ಎಲ್ಲ ಚಪ್ಪಲಿಗಳೂ ನಿಂತವು. ಗೋಡೆಯ ಗಡಿಯಾರದಲ್ಲಿ ಹತ್ತೂವರೆ.

ಮಗಳಿಗೆ ಸುದ್ದಿ ಹೋಗಿ ಅವಳು ಬಂದಾಗ, ಬಾಗಿಲಲ್ಲೇ ನಿಂತು ಯಾರನ್ನು ಏನೆಂದು ಕರೆಯಬೇಕೆಂದು ಒಂದು ಗಳಿಗೆ ತಡೆದಳು. ಡಾಕ್ಟರಮ್ಮ ಅಲ್ಲೇ ಇದ್ದಳು. ಮಗಳು ಹಾಸಿಗೆಯ ಹತ್ತಿರ ಹೋಗಿ, ಸತ್ತವಳ ಕೈ ಹಿಡಿದುಕೊಂಡು, “ಅಮ್ಮಾ” ಎಂದು ಅತ್ತಳು. ಸ್ಟೂಲಿನ ಮೇಲೆ ಕೂತು ತನ್ನ ಮಗಳು ತನಗಾಗಿ ಅಳುವುದನ್ನು ತಂಗಿ ನೋಡಿದಳು. ಅದು ಸುಳ್ಳು ಅಳುವಲ್ಲ. ಆ ಹುಡುಗಿಯನ್ನು ಎತ್ತಿ ಆಡಿಸಿದ್ದು ದೊಡ್ಡಮ್ಮನೇ.

ದೊಡ್ಡ ಸಿಸ್ಟರ್ ತಂಗಿಯನ್ನು ಬಟ್ಟೆ ಇಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

“ಸಿಸ್ಟರ್, ನಾನು ನಿಜ ಹೇಳ್ಬಿಡ್ತೀನಿ. ಅವಳ ಹೆಸರಲ್ಲೇ ಹೋಗ್ಲಿ ಅವಳು.”

“ಹೇಳಿ. ಆಮೇಲೆ ಪೊಲೀಸ್ ಬರೋ ತನಕ ದೇಹ ಕೊಡಲ್ಲ, ಕೊಯ್ದು ನೋಡ್ತಾರೆ. ಸೇರಿಸೋವಾಗ ಸಹಿ ಹಾಕಿದ್ದು ನಿಮ್ಮ ಮಗಳು, ಅವಳನ್ನ ಹಿಡೀತಾರೆ. ಆ ಡಾಕ್ಟರಮ್ಮ ಕೆಲಸಕ್ಕೆ ಸೇರಿ ಇನ್ನೂ ಎರಡೇ ವರ್ಷ.” ಅವಳು ತನ್ನ ಬಗ್ಗೆ ಏನೂ ಹೇಳಲಿಲ್ಲ. “ಹೇಳೋದಿದ್ರೆ ಈಗ್ಲೇ ಹೇಳಿ. ಕೆಳಗೆ ಬರೀತಾ ಇದಾರೆ.”

ತಂಗಿ ಅಟ್ಟಿ ಹಾಕಿದ್ದ ಬೆಡ್‌ಶೀಟುಗಳನ್ನು ನೋಡುತ್ತ ನಿಂತಳು. ಅಂಚಿಗೆ ಅಂಚು ಕೂಡಿರಲಿಲ್ಲ. ಯಾರೋ ಒಬ್ಬೊಬ್ಬರೇ ಮಡಿಸಿದ್ದರು.

ಕೆಳಗಿನ ಕೋಣೆಯಲ್ಲಿ ಗುಮಾಸ್ತನೊಬ್ಬ ಫಾರಂ ತುಂಬುತ್ತಿದ್ದ. ತೀರಿಕೊಂಡವರ ಹೆಸರು: ತಂಗಿಯ ಹೆಸರು. ವಯಸ್ಸು: ಎಪ್ಪತ್ತೊಂದು. ದೇಹ ಪಡೆದವರು: ಅಕ್ಕನ ಹೆಸರು. ಸಂಬಂಧ?

“ತಂಗಿ,” ಎಂದಳು ತಂಗಿ. ಅವತ್ತು ಆ ಕಾಗದದಲ್ಲಿ ನಿಜವಿದ್ದದ್ದು ಅದೊಂದೇ.

“ಸಹಿ ಮಾಡ್ತೀರಾ, ಹೆಬ್ಬೆಟ್ಟಾ?”

ತಂಗಿಗೆ ಸಹಿ ಬರುತ್ತಿತ್ತು. ಲಾಂಡ್ರಿಯಲ್ಲಿ ಸಹಿ ಬರುತ್ತಿದ್ದ ನಾಲ್ಕೈದು ಹೆಂಗಸರಲ್ಲಿ ಅವಳೂ ಒಬ್ಬಳು. ದುಂಡಗೆ, ಒಂದೊಂದಾಗಿ ಅಕ್ಷರ ಜೋಡಿಸಿ ಬರೆಯುತ್ತಿದ್ದಳು. ಅಕ್ಕನಿಗೆ ಬರುತ್ತಿರಲಿಲ್ಲ. ತಂಗಿ ಹೆಬ್ಬೆರಳು ಚಾಚಿದಳು. ಗುಮಾಸ್ತ ಅದನ್ನು ಶಾಯಿಗೆ ಒತ್ತಿ, ಕಾಗದಕ್ಕೆ ಒತ್ತಿ, ಅವಳ ಚೀಟಿಯನ್ನು ವಾಪಸು ಕೊಡುವಾಗ ಒಮ್ಮೆ ನೋಡಿದ. ಒಳ್ಳೆಯ ಮನುಷ್ಯ. “ಕಾಲಿನಿಂದ ಏನೋ ಸೋರ್ತಾ ಇದೆಯಲ್ಲ ಅಜ್ಜಿ. ತೋರಿಸ್ಕೊಳ್ಳಿ. ಕಾರ್ಡು ಇದೆಯಾ?” ಎಂದು ಮತ್ತೊಮ್ಮೆ ಚೀಟಿ ನೋಡಿ, “ಓ, ನಿಮಗಿನ್ನೂ ನಾಲ್ಕು ವರ್ಷ ಇದೆ,” ಎಂದ.

ಹೊರಗೆ ಗಾಡಿ ಬರಲು ಹೊತ್ತಿತ್ತು. ಮಗಳು ಮೆಟ್ಟಿಲ ಮೇಲೆ ಕೂತು, ಯಾರಿಗೂ ಕೇಳದ ಹಾಗೆ, “ಮುಂದಿನ ತಿಂಗಳಿಂದ ನಿನ್ನ ಪೆನ್ಶನ್ ಬರಲ್ಲ ಅಮ್ಮ. ದೊಡ್ಡಮ್ಮಂದು ಬರುತ್ತೆ,” ಎಂದಳು. ಎದುರಿಗೆ ಯಾರೋ ಬರುವುದು ಕಂಡು, “ಚೀಲ ಮೇಲೇ ಇದೆ, ತಗೊಂಡು ಬಾ ಚಿಕ್ಕಮ್ಮ,” ಎಂದಳು.

ತಂಗಿ ಮೇಲೆ ಹೋದಳು. ಹಾಸಿಗೆ ಖಾಲಿಯಾಗಿತ್ತು. ಮಾತ್ರೆ ಡಬ್ಬಿ, ಬಾಚಣಿಗೆ, ಲೋಟ ಚೀಲಕ್ಕೆ ಹಾಕಿಕೊಂಡಳು. ಬೆಡ್‌ಶೀಟು ಹಾಗೇ ಇತ್ತು, ಮಲಗಿದ್ದವಳ ಅಳತೆಗೆ ನಿರಿಗೆ ಬಿದ್ದು. ನೆಲ ಒರೆಸುತ್ತಿದ್ದ ಆಯಾ, “ಬಿಡಿ ಅಜ್ಜಿ, ಲಾರಿಗೆ ಹೋಗುತ್ತೆ, ಸುಮ್ನೆ ಬುಟ್ಟಿಗೆ ಎಸೆಯೋದು,” ಎಂದಳು.

ತಂಗಿ ಅದನ್ನು ಎಳೆದು ತೆಗೆದು, ಎರಡು ಮೂಲೆ ಹಿಡಿದು ಒಮ್ಮೆ ಜಾಡಿಸಿದಳು. ಅಂಚಿಗೆ ಅಂಚು ಕೂಡಿಸಿದಳು. ಆಮೇಲೆ, ಕೈ ಮುಂದೆ ಚಾಚಿಕೊಂಡು, ಎಂದಿನಂತೆ ನಿಂತಳು. ಆಚೆ ತುದಿ ನೆಲದ ಮೇಲಿತ್ತು. ಆಯಾ ಬಕೆಟ್ಟು ಪಕ್ಕಕ್ಕೆ ಸರಿಸಿ, ಅವಳ ಸುತ್ತ ಒರೆಸಿಕೊಂಡು ಮುಂದೆ ಹೋದಳು. ಬಹಳ ಹೊತ್ತಾದ ಮೇಲೆ ತಂಗಿ ಕುಂಟುತ್ತ ತಾನೇ ಆಚೆ ತುದಿಗೆ ನಡೆದು, ಬಾಗಿ, ಆ ಎರಡು ಮೂಲೆಗಳನ್ನೂ ಎತ್ತಿಕೊಂಡಳು.

ಕೆಳಗಿನ ಪುಸ್ತಕದಲ್ಲಿ ಬೇರೆ ಹೆಸರಿದೆ. ಹೋದವಳು ಅಕ್ಕ. ಬುಧವಾರ.